ಟೈರು ಓದೋಣ ಬನ್ನಿ

(ಕಲಿಕೆ ಕೇಂದ್ರದಲ್ಲಿ ಒಂದು ಸಂಜೆ ಆಡಿದ ಮಾತು)



ಇವತ್ತು ಪುಸ್ತಕ ತೆಗೆಯೋದು ಬೇಡ. ಸ್ಲೇಟೂ ಬೇಡ. ಇವತ್ತು ನಾವು ಟೈರು ಓದೋಣ. ನಗಬೇಡಿ. ಟೈರಿನ ಮೇಲೂ ಅಕ್ಷರ ಇದೆ, ಅಂಕಿ ಇದೆ. ನೀವು ಬಸ್ಸಿನ ಬೋರ್ಡು ಓದೋದು ಕಲಿತಿರಿ. ರೇಷನ್ ಅಂಗಡಿಯ ತೂಕ ಓದೋದು ಕಲಿತಿರಿ. ಮಾತ್ರೆ ಚೀಟಿಯ ಮೇಲಿನ ತಾರೀಖು ಓದೋದು ಕಲಿತಿರಿ. ಟೈರೂ ಹಾಗೇನೇ. ಅದಕ್ಕೂ ಹುಟ್ಟಿದ ತಾರೀಖು ಇದೆ. ಮುಗಿಯೋ ಕಾಲ ಬಂದಾಗ ಅದೂ ತೋರಿಸುತ್ತೆ. ನೋಡೋಕೆ ನಾವು ಬಗ್ಗಬೇಕು, ಅಷ್ಟೇ.

ಮಾತಾಡ್ತಿರೋ ನಾವು ಇಬ್ಬರು. ಒಬ್ಬರು ಇಲ್ಲಿ ನಿಮಗೆ ಪಾಠ ಹೇಳೋರು. ಇನ್ನೊಬ್ಬರು ಹದಿನೈದು ವರ್ಷ ರಸ್ತೆ ಬದಿಯಲ್ಲಿ ಪಂಚರ್ ಅಂಗಡಿ ನಡೆಸಿದವರು. ಅಕ್ಷರದ ಮಾತು ಒಬ್ಬರದು, ಟೈರಿನ ಮಾತು ಇನ್ನೊಬ್ಬರದು. ಎರಡೂ ಸೇರಿಸಿ ಹೇಳ್ತೀವಿ.

ಇದನ್ನು ಈಗ ಯಾಕೆ ಎತ್ತಿಕೊಂಡೆವು ಅಂದರೆ, ಮಳೆಗಾಲ ಬರ್ತಾ ಇದೆ. ಇನ್ನೊಂದು ಕಾರಣವೂ ಇದೆ. ಅದು ನಿಮಗೆಲ್ಲ ಗೊತ್ತು. ಆದರೂ ಒಮ್ಮೆ ಹೇಳಿಬಿಡ್ತೀವಿ.

ಎರಡು ವರ್ಷದ ಹಿಂದೆ. ಭರಣಿ ಮಳೆ ಬಿದ್ದ ದಿನ. ಶುಂಠಿ ನಾಟಿಗೆ ಹೋಗಿದ್ದ ಹನ್ನೊಂದು ಜನ ಹೆಣ್ಣುಮಕ್ಕಳು ಗೂಡ್ಸ್ ಟೆಂಪೋದಲ್ಲಿ ವಾಪಸು ಬರ್ತಿದ್ದರು. ಸಂಜೆ ಐದೂವರೆ ಹೊತ್ತು. ಅರ್ಧ ಗಂಟೆ ಮಳೆ ಹುಯ್ದು ನಿಂತಿತ್ತು. ಕೆರೆ ಏರಿ ಇಳಿದ ಕೂಡಲೇ ಒಂದು ತಿರುವು ಇದೆಯಲ್ಲ, ಅಲ್ಲಿ ಎಮ್ಮೆ ಅಡ್ಡ ಬಂತು. ಡ್ರೈವರು ಬ್ರೇಕ್ ಒತ್ತಿದ. ಚಕ್ರ ನಿಂತಿತು. ಗಾಡಿ ನಿಲ್ಲಲಿಲ್ಲ. ಸೋಪಿನ ನೀರು ಚೆಲ್ಲಿದ ಜಗುಲಿ ಮೇಲೆ ಮಣೆ ಜಾರಿದ ಹಾಗೆ ಜಾರಿ, ಅಡ್ಡ ತಿರುಗಿ, ಕಾಲುವೆಗೆ ಮಗುಚಿತು.

ಯಾರ ಜೀವವೂ ಹೋಗಲಿಲ್ಲ. ಕಾಲುವೆಯಲ್ಲಿ ನೀರು ಬಿಟ್ಟಿರಲಿಲ್ಲ, ಅದು ಪುಣ್ಯ. ಇಬ್ಬರಿಗೆ ತಲೆಗೆ ಹೊಲಿಗೆ ಬಿತ್ತು. ನಮ್ಮ ಕೇಂದ್ರದ ಒಬ್ಬ ಅಕ್ಕನಿಗೆ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ ಹಾಕಿದ್ದರು. ಆ ಅಕ್ಕ ನಾಲ್ಕು ತಿಂಗಳು ಇದೇ ಚಾಪೆ ಮೇಲೆ ಕೂತು ತಮ್ಮ ಹೆಸರು ಬರೆಯೋದು ಕಲಿತಿದ್ದರು. ಪಟ್ಟಿ ಕಟ್ಟಿಕೊಂಡೇ ಬ್ಯಾಂಕಿಗೆ ಹೋದರು. ಕೌಂಟರಿನವರು ಸಹಿ ಹಾಕಿ ಅಂದರು. ಕೈ ತೋರಿಸಿದರು. ಮತ್ತೆ ಎಡಗೈ ಹೆಬ್ಬೆಟ್ಟು ಒತ್ತಬೇಕಾಯಿತು. ಹೊರಗೆ ಬಂದು ಸೆರಗಿನಲ್ಲಿ ಮಸಿ ಒರೆಸಿಕೊಳ್ಳುತ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ. ಇವತ್ತು ಅವರು ಇಲ್ಲೇ ಮೂರನೇ ಸಾಲಿನಲ್ಲಿ ಇದ್ದಾರೆ. ಅವರ ಒಪ್ಪಿಗೆ ಕೇಳಿಯೇ ಈ ಮಾತು ಹೇಳ್ತಿದ್ದೀವಿ.

ಡ್ರೈವರು ಕುಡಿದಿರಲಿಲ್ಲ. ಜೋರಾಗೂ ಓಡಿಸುತ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನಾವು ಹೋಗಿ ನೋಡಿದೆವು. ಟೆಂಪೋ ಚಕ್ರ ಮೇಲೆ ಮಾಡಿಕೊಂಡು ಬಿದ್ದಿತ್ತು. ಹಿಂದಿನ ಎರಡು ಟೈರೂ ರುಬ್ಬುಗುಂಡಿನ ಹಾಗೆ ನುಣ್ಣಗಿದ್ದವು. ಒಂದರಲ್ಲಿ ನಡುವೆ ನೂಲು ಕಾಣ್ತಿತ್ತು. ಹುಡುಗ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ. "ಗೊತ್ತಿತ್ತು. ಇನ್ನೊಂದು ತಿಂಗಳು ಓಡಲಿ, ಬಾಡಿಗೆ ದುಡ್ಡು ಕೈಗೆ ಬರಲಿ ಅಂತ ಬಿಟ್ಟಿದ್ದೆ" ಅಂದ. ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಬಹಳ ಜನ ಹೀಗೇ ಬಿಡ್ತೀವಿ.

ಒಂದು ಮಾತು ಇಲ್ಲೇ ಹೇಳಬೇಕು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ. ಅದು ನಮಗೂ ಗೊತ್ತು, ನಿಮಗೂ ಗೊತ್ತು. ಕೂಲಿಗೆ ಹೋಗುವ ಹೊತ್ತಿಗೆ ಬಸ್ಸಿಲ್ಲ ಅನ್ನೋದೂ ಗೊತ್ತು. ಅದನ್ನು ಇನ್ನೊಂದು ದಿನ, ಪಂಚಾಯಿತಿಯವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡೋಣ. ಇವತ್ತು ಟೈರು.

ಟೈರಿಗೆ ಗೆರೆ ಯಾಕೆ ಇದೆ? ಅಂದಕ್ಕೆ ಅಂದುಕೊಂಡಿದ್ದೀರಾ?

ನಿಮ್ಮ ಹವಾಯಿ ಚಪ್ಪಲಿ ನೆನೆಸಿಕೊಳ್ಳಿ. ಹೊಸದಾಗಿದ್ದಾಗ ಅಡಿಯಲ್ಲಿ ಗೆರೆ ಇರುತ್ತೆ. ಒಂದು ವರ್ಷ ಮೆಟ್ಟಿದ ಮೇಲೆ ಹಿಮ್ಮಡಿ ಹತ್ತಿರ ನುಣ್ಣಗಾಗುತ್ತೆ. ಒಣ ನೆಲದಲ್ಲಿ ಏನೂ ಆಗಲ್ಲ. ಬಚ್ಚಲ ಮುಂದೆ, ನಲ್ಲಿ ಕಟ್ಟೆ ಮೇಲೆ ಕಾಲಿಟ್ಟರೆ ಸುಯ್ ಅಂತ ಜಾರುತ್ತೆ. ಬಿಂದಿಗೆ ಒಂದು ಕಡೆ, ನಾವೊಂದು ಕಡೆ. ಯಾಕೆ ಅಂದರೆ ಚಪ್ಪಲಿಗೂ ಕಲ್ಲಿಗೂ ನಡುವೆ ನೀರು ನಿಂತಿದೆ. ಗೆರೆ ಇದ್ದಿದ್ದರೆ ಆ ನೀರು ಗೆರೆಯೊಳಗೆ ಹೋಗುತ್ತಿತ್ತು, ರಬ್ಬರು ಕಲ್ಲನ್ನು ಕಚ್ಚುತ್ತಿತ್ತು. ಗೆರೆ ಇಲ್ಲ, ನೀರಿಗೆ ಹೋಗೋಕೆ ದಾರಿ ಇಲ್ಲ. ನಾವು ನೀರಿನ ಮೇಲೆ ನಿಂತಿರ್ತೀವಿ, ಕಲ್ಲಿನ ಮೇಲಲ್ಲ.

ಟೈರಿನದೂ ಇದೇ ಕಥೆ. ಗದ್ದೆಯಲ್ಲಿ ನೀರು ಬಸಿಯೋಕೆ ಬಸಿಗಾಲುವೆ ತೆಗೀತೀವಲ್ಲ, ಟೈರಿನ ಗೆರೆ ಅಂದರೆ ಅದೇ. ಮೇಲೆ ಉಬ್ಬಿಕೊಂಡಿರೋ ಭಾಗವನ್ನು ಗ್ಯಾರೇಜಿನವರು ಬಟನ್ ಅಂತಾರೆ. ಬಟನ್ ಸವೆಯುತ್ತಾ ಹೋದ ಹಾಗೆ ಕಾಲುವೆ ಆಳ ಕಮ್ಮಿ ಆಗುತ್ತೆ. ಕೊನೆಗೆ ಮುಚ್ಚೇ ಹೋಗುತ್ತೆ. ನಿಧಾನ ಹೋದರೆ ನೀರು ಪಕ್ಕಕ್ಕೆ ಸರಿಯೋಕೆ ಹೊತ್ತು ಸಿಗುತ್ತೆ. ಜೋರಾಗಿ ಹೋದರೆ ಸಿಗಲ್ಲ. ಚಕ್ರ ನೀರಿನ ಮೇಲೆ ತೇಲುತ್ತೆ. ಆಗ ಬ್ರೇಕ್ ಒತ್ತಿದರೂ ಒಂದೇ, ಹ್ಯಾಂಡಲ್ ತಿರುಗಿಸಿದರೂ ಒಂದೇ.

ಬೈಕಿನ ಒಂದು ಟೈರು ನೆಲಕ್ಕೆ ತಾಗಿರುವ ಜಾಗ ನಮ್ಮ ಅಂಗೈಗಿಂತ ಚಿಕ್ಕದು. ಅಷ್ಟು ಜಾಗ ಗಂಡ, ಹೆಂಡತಿ, ಮಗು, ಹಾಲಿನ ಕ್ಯಾನು ಎಲ್ಲವನ್ನೂ ಹಿಡಿದು ನಿಲ್ಲಿಸಬೇಕು.

ಮಳೆ ಜೋರಾಗಿ ಸುರಿಯುವಾಗ ನಾವೇ ಹುಷಾರಾಗಿ ಇರ್ತೀವಿ. ಮೋಸ ಮಾಡೋದು ಮೊದಲ ಮಳೆ. ಬೇಸಿಗೆಯಿಡೀ ರಸ್ತೆ ಮೇಲೆ ಬಿದ್ದ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲಾ ಮೊದಲ ಹನಿಗಳಿಗೆ ಕಲಸಿ ಲೋಳೆ ಆಗುತ್ತೆ. ಭರಣಿ ಮಳೆ ದಿನ ನಡೆದದ್ದು ಅದೇ.

ಹಾಗಾದರೆ ಗೆರೆ ಎಷ್ಟು ಆಳ ಇರಬೇಕು? ಕಣ್ಣಂದಾಜು ಬೇಡ. ಒಬ್ಬೊಬ್ಬರ ಕಣ್ಣು ಒಂದೊಂದು ಹೇಳುತ್ತೆ. ಅದರಲ್ಲೂ ದುಡ್ಡಿಲ್ಲದ ದಿನ "ಇನ್ನೂ ಇದೆ ಬಿಡು" ಅನ್ನುತ್ತೆ. ಇದಕ್ಕೆ ಸರ್ಕಾರದ ಅಳತೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರಲ್ಲಿ 94ನೇ ನಿಯಮ ಟೈರಿನದು. ಬೈಕು, ಸ್ಕೂಟರು, ಮೂರು ಚಕ್ರದ ಆಟೋ ಆದರೆ ಗೆರೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಕಾರು, ಜೀಪು, ಟೆಂಪೋ, ಲಾರಿ, ಬಸ್ಸು ಆದರೆ 1.6 ಮಿಲಿಮೀಟರು. ಅದಕ್ಕಿಂತ ಕಡಿಮೆ ಆದರೆ ಆ ಟೈರು ರಸ್ತೆಗೆ ಅನರ್ಹ. ನೂಲು ಕಂಡರೆ ಅನರ್ಹ. ಎಲ್ಲಾದರೂ ಗಂಟು ಕಟ್ಟಿದ ಹಾಗೆ ಉಬ್ಬಿದ್ದರೂ ಅನರ್ಹ.

ಮಿಲಿಮೀಟರು ಅಂದರೆ ಎಷ್ಟು? ನಿಮ್ಮ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲು ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿನೊಳಗೆ ಹತ್ತು ಸಣ್ಣ ಮನೆಗಳಿವೆ. ಒಂದು ಮನೆ ಒಂದು ಮಿಲಿಮೀಟರು. ಒಂದೂವರೆ ಮನೆಗಿಂತ ಕೂದಲೆಳೆ ಹೆಚ್ಚು ಅಂದರೆ 1.6. ಹೊಸ ಕಾರಿನ ಟೈರಿನಲ್ಲಿ ಸುಮಾರು 8 ಮನೆ ಆಳ ಇರುತ್ತೆ.

ಸ್ಕೇಲನ್ನು ಹಾಗೇ ಗೆರೆಯೊಳಗೆ ಇಳಿಸಿದರೆ ತಪ್ಪು ಲೆಕ್ಕ ಬರುತ್ತೆ. ಬಹಳ ಸ್ಕೇಲುಗಳಲ್ಲಿ ಸೊನ್ನೆ ಅಂಚಿನಿಂದ ಶುರು ಆಗೋದಿಲ್ಲ, ಸ್ವಲ್ಪ ಜಾಗ ಬಿಟ್ಟಿರ್ತಾರೆ. ಅದಕ್ಕೆ ಒಂದು ಬೆಂಕಿಕಡ್ಡಿ ತೆಗೆದುಕೊಳ್ಳಿ. ಮದ್ದಿಲ್ಲದ ತುದಿಯನ್ನು ಗೆರೆಯೊಳಗೆ ನೆಟ್ಟಗೆ ಇಳಿಸಿ. ಟೈರಿನ ಮೇಲ್ಮೈಗೆ ಸಮನಾಗಿ ಉಗುರಿನಿಂದ ಗುರುತು ಮಾಡಿ. ಕಡ್ಡಿ ಹೊರತೆಗೆದು, ತುದಿಯನ್ನು ಸ್ಕೇಲಿನ ಸೊನ್ನೆಗೆ ಇಟ್ಟು ಎಣಿಸಿ. ನಡುವೆ ಒಂದು ಸಲ, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ. ಚಕ್ರ ಸ್ವಲ್ಪ ತಿರುಗಿಸಿ ಇನ್ನೊಂದು ಜಾಗದಲ್ಲೂ ನೋಡಿ. ಎಲ್ಲಕ್ಕಿಂತ ಕಡಿಮೆ ಬಂದದ್ದೇ ಆ ಟೈರಿನ ಲೆಕ್ಕ. ಹೆಚ್ಚು ಬಂದದ್ದನ್ನು ಹಿಡ್ಕೊಂಡು ಸಮಾಧಾನ ಪಡಬೇಡಿ.

ಸ್ಕೇಲೂ ಇಲ್ಲವಾ? ಮರದ ಬೆಂಕಿಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರು. ಅದನ್ನು ಗೆರೆಯೊಳಗೆ ಉದ್ದಕ್ಕೆ ಮಲಗಿಸಿ. ಕಡ್ಡಿ ಪೂರ್ತಿ ಒಳಗೆ ಮುಳುಗಿದರೆ ಇನ್ನೂ ಸ್ವಲ್ಪ ದಿನ ಇದೆ. ಕಡ್ಡಿಯ ಬೆನ್ನು ಹೊರಗೆ ಕಂಡರೆ ಕಾರು, ಟೆಂಪೋದ ಟೈರು ಗಡಿಗೆ ಬಂತು ಅಂತ ತಿಳೀರಿ.

ಟೈರು ಮಾಡಿದವರೂ ಒಂದು ಗುರುತು ಇಟ್ಟಿರ್ತಾರೆ. ಗೆರೆಯ ತಳದಲ್ಲಿ ಬೆರಳು ಆಡಿಸಿ. ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬ ಸಿಗುತ್ತೆ, ಕಾಲುವೆಗೆ ಅಡ್ಡ ಕಟ್ಟಿದ ಬದುವಿನ ಹಾಗೆ. ಆ ದಿಬ್ಬ ಎಲ್ಲಿದೆ ಅಂತ ತೋರಿಸೋಕೆ ಟೈರಿನ ಭುಜದ ಮೇಲೆ ಸಣ್ಣ ತ್ರಿಕೋನ ಇರುತ್ತೆ, ಇಲ್ಲವಾದರೆ ಟಿ, ಡಬ್ಲ್ಯೂ, ಐ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಇರುತ್ತೆ. ಟಿ ಅಕ್ಷರ ಕೊಡಲಿ ನಿಲ್ಲಿಸಿದ ಹಾಗೆ, ಐ ಅಕ್ಷರ ನಿಂತ ಕೋಲು. ಬೋರ್ಡಿನ ಮೇಲೆ ಬರೆದಿದ್ದೀವಿ, ನೋಡಿಕೊಳ್ಳಿ. ಬಟನ್ ಸವೆದು ಸವೆದು ದಿಬ್ಬಕ್ಕೆ ಸಮ ಆಯಿತು ಅಂದರೆ ಟೈರಿನ ಆಯಸ್ಸು ಮುಗೀತು. ಅಳೆಯುವಾಗ ಕಡ್ಡಿ ಈ ದಿಬ್ಬದ ಮೇಲೆ ಕೂರಬಾರದು, ಪಕ್ಕದ ತಗ್ಗಿಗೆ ಇಳಿಯಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, 1.6 ಅನ್ನೋದು ದಂಡ ಬೀಳದ ಗಡಿ. ನಮ್ಮ ಕಡೆಯ ಮಳೆಗೆ, ಇಳಿಜಾರು ರಸ್ತೆಗೆ ಅಲ್ಲಿಯವರೆಗೆ ಕಾಯಬಾರದು. ಟೆಂಪೋ, ಜೀಪಿನವರು 3 ಮನೆಗೆ ಬಂದಾಗಲೇ ದುಡ್ಡು ಹೊಂದಿಸೋಕೆ ಶುರು ಮಾಡಬೇಕು. ದುಡ್ಡಿನ ಮಾತು ಆಮೇಲೆ ಬರ್ತೀವಿ.

ಈಗ ಹುಟ್ಟಿದ ತಾರೀಖು. ಟೈರಿನ ಪಕ್ಕೆಯ ಮೇಲೆ ಹುಡುಕಿದರೆ ಉದ್ದನೆಯ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಸಿಗುತ್ತೆ. 2322 ಅಂತ ಇದೆ ಅಂದುಕೊಳ್ಳಿ. ಎರಡೆರಡಾಗಿ ಬಿಡಿಸಿ ಓದಿ. ಮೊದಲ ಎರಡು ವಾರ. ಕೊನೆಯ ಎರಡು ವರ್ಷ. ಅಂದರೆ 2022ನೇ ಇಸವಿ, 23ನೇ ವಾರ. ವರ್ಷಕ್ಕೆ 52 ವಾರ. 23ನೇ ವಾರ ಅಂದರೆ ಜೂನ್ ತಿಂಗಳ ಶುರು. ಆಗ ಈ ಟೈರು ಕಾರ್ಖಾನೆಯಲ್ಲಿ ತಯಾರಾಯಿತು. ಕೆಲವು ಟೈರಿನಲ್ಲಿ ಈ ಅಂಕಿ ಒಂದೇ ಪಕ್ಕೆಯಲ್ಲಿ ಇರುತ್ತೆ. ಈ ಕಡೆ ಕಾಣದಿದ್ದರೆ ಆ ಕಡೆ ಬಗ್ಗಿ ನೋಡಿ.

ವಯಸ್ಸು ಯಾಕೆ ಬೇಕು ಅಂತೀರಾ? ರಬ್ಬರು ಓಡದಿದ್ದರೂ ಮುದಿ ಆಗುತ್ತೆ. ಬಿಸಿಲಿಗೆ, ಗಾಳಿಗೆ ಗಟ್ಟಿಯಾಗಿ ಬಿರಿಯುತ್ತೆ. ಮನೆಯಲ್ಲಿ ಹಳೇ ರಬ್ಬರ್ ಬ್ಯಾಂಡು ಎಳೆದು ನೋಡಿ, ಪಟ್ ಅಂತ ತುಂಡಾಗುತ್ತಲ್ಲ, ಹಾಗೆ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರ ಕೈಲಿ ನೋಡಿಸಬೇಕು, ಹತ್ತು ವರ್ಷ ಆದ ಮೇಲೆ ಬಟನ್ ಇದ್ದರೂ ಬಿಸಾಕಬೇಕು ಅಂತ ಅನೇಕ ಟೈರ್ ತಯಾರಕರೇ ಹೇಳ್ತಾರೆ. ಹಬ್ಬಕ್ಕೊಮ್ಮೆ ಹೊರಗೆ ತೆಗೆಯೋ ಕಾರು, ಕೊಟ್ಟಿಗೆಯಲ್ಲಿ ನಿಂತ ಸ್ಕೂಟರು, ಎಂದೂ ನೆಲ ಮುಟ್ಟದ ಸ್ಟೆಪ್ನಿ, ಇವೆಲ್ಲ ನೋಡೋಕೆ ಹೊಸದರ ಹಾಗೇ ಇರ್ತವೆ. ಅಂಕಿ ಓದಿದರೆ ನಿಜ ಗೊತ್ತಾಗುತ್ತೆ. ಅಂಗಡಿಯಲ್ಲಿ ಹೊಸ ಟೈರು ಕೊಳ್ಳುವಾಗಲೂ ಮೊದಲು ಈ ನಾಲ್ಕು ಅಂಕಿ ಓದಿ, ಆಮೇಲೆ ರೇಟು ಕೇಳಿ. ಮೂರು ನಾಲ್ಕು ವರ್ಷ ಗೋಡೌನಿನಲ್ಲಿ ಕೂತ ಮಾಲನ್ನು ಹೊಸ ರೇಟಿಗೆ ಯಾಕೆ ಕೊಳ್ಳಬೇಕು?

ಸೈಜೂ ಅಲ್ಲೇ ದಪ್ಪ ಅಕ್ಷರದಲ್ಲಿ ಇರುತ್ತೆ. ಬಹಳ ಆಟೋಗಳಲ್ಲಿ 4.00-8 ಅಂತ ಇರುತ್ತೆ. ಟೈರಿನ ಅಗಲ 4 ಇಂಚು, ಒಳಗಿನ ರಿಮ್ಮಿನ ಅಳತೆ 8 ಇಂಚು ಅಂತ ಅರ್ಥ. ಬೈಕುಗಳಲ್ಲಿ 2.75-18 ಅಂತ ನೋಡಿರ್ತೀರಿ. ಹಳೆಯದರಲ್ಲಿ ಏನಿದೆಯೋ ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಕ್ಕೆಯ ಮೇಲೆ ಬಾಣದ ಗುರುತು ಇದ್ದರೆ, ಚಕ್ರ ಮುಂದಕ್ಕೆ ಉರುಳುವಾಗ ಆ ದಿಕ್ಕಿಗೇ ಉರುಳಬೇಕು. ಕೆಲಸದ ಹುಡುಗ ಅವಸರದಲ್ಲಿ ತಿರುಗಾ ಹಾಕಿದ್ದರೆ ನೀವೇ ಹೇಳಬಹುದು. ನಮ್ಮ ಅಂಗಡಿಯಲ್ಲೂ ಒಂದು ಸಲ ಹಾಗೆ ಆಗಿತ್ತು. ಎಂಟನೇ ಕ್ಲಾಸಿನ ಹುಡುಗಿ ತೋರಿಸಿಕೊಟ್ಟಳು.

ಟೈರು ಎಲ್ಲಿ ಸವೆದಿದೆ ಅನ್ನೋದನ್ನೂ ಓದಬೇಕು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಮ್ಮಿ. ಟೆಂಪೋ, ಕಾರಿನಲ್ಲಿ ಒಂದೇ ಕಡೆ ಸವೆದಿದ್ದರೆ ಚಕ್ರ ನೆಟ್ಟಗೆ ಕೂತಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು. ಅದನ್ನು ಸರಿಮಾಡದೆ ಹೊಸ ಟೈರು ಹಾಕಿದರೆ ಅದನ್ನೂ ಅದೇ ಕಡೆ ತಿಂದು ಹಾಕುತ್ತೆ.

ಹದಿನೈದು ವರ್ಷದಲ್ಲಿ ನಾವು ಕಂಡಂತೆ, ಸವೆದು ಹಾಳಾದ ಟೈರಿಗಿಂತ ಗಾಳಿಯಿಲ್ಲದೆ ಹಾಳಾದ ಟೈರೇ ಹೆಚ್ಚು. ಗಾಳಿ ಕಮ್ಮಿ ಇದ್ದರೆ ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಮಡಚಿ ಬಿಡಿಸಿ, ಮಡಚಿ ಬಿಡಿಸಿ ಕಾಯುತ್ತೆ. ಮೇಲೆ ಹೊರೆ, ಕೆಳಗೆ ಬೇಸಿಗೆಯ ಟಾರು. ಆಗ ಸಿಡಿಯುತ್ತೆ. ಗಾಳಿ ಎಷ್ಟಿರಬೇಕು ಅನ್ನೋದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇದೆ. ಕಾರಿನಲ್ಲಿ ಬಾಗಿಲ ಅಂಚಿಗೆ ಚೀಟಿ ಅಂಟಿಸಿರ್ತಾರೆ. ಬಹಳಷ್ಟು 100 ಸಿಸಿ ಬೈಕುಗಳಿಗೆ ಮುಂದೆ 25, ಹಿಂದೆ 28ರ ಆಸುಪಾಸು, ಹಿಂದೆ ಜನ ಕೂತರೆ ಇನ್ನೂ ಸ್ವಲ್ಪ ಹೆಚ್ಚು. ಗಾಳಿ ನೋಡಿಸೋದು ಬೆಳಿಗ್ಗೆ, ಟೈರು ತಣ್ಣಗಿದ್ದಾಗ. ಬಿಸಿಯಾದ ಟೈರು ಹೆಚ್ಚು ತೋರಿಸುತ್ತೆ. ಹೆಬ್ಬೆರಳಿಂದ ಒತ್ತಿ "ಕಲ್ಲಿನ ಹಾಗಿದೆ, ಸಾಕು" ಅನ್ನೋ ಪದ್ಧತಿ ಬಿಡಿ. ಮೀಟರಿನ ಮುಳ್ಳು ನೋಡಿ. ಈಗ ನಿಮಗೆ ಅಂಕಿ ಬರುತ್ತಲ್ಲ.

ಪಕ್ಕೆಯಲ್ಲಿ ನೆಲ್ಲಿಕಾಯಿ ಗಾತ್ರ ಉಬ್ಬಿದ್ದರೆ? ಗುಂಡಿಗೆ ಬಿದ್ದೋ, ಹಂಪ್‌ಗೆ ಗುದ್ದಿಯೋ ಒಳಗಿನ ನೂಲು ಹರಿದಿದೆ ಅಂತ ಅರ್ಥ. ಇದಕ್ಕೆ ರಿಪೇರಿ ಇಲ್ಲ. ಬಟನ್ ಹೊಸದಾಗಿಯೇ ಇರಲಿ, ಆ ಟೈರು ಬಿಚ್ಚಬೇಕು. ನಮ್ಮ ಹತ್ತಿರ ಜನ ಬಂದು "ಒಳಗೆ ಹಳೇ ಟೈರಿನ ತುಂಡು ಇಟ್ಟು ಕೊಡಿ" ಅಂತ ಕೇಳೋರು. ಒಂದಷ್ಟು ವರ್ಷ ನಾವೂ ಇಟ್ಟು ಕೊಟ್ಟಿದ್ದೀವಿ. ಐವತ್ತು ರೂಪಾಯಿ ಆಸೆ. ಸೈಕಲ್ಲಿಗಾದರೆ ನಡೆಯುತ್ತೆ. ಬೈಕಿಗೆ ಇಟ್ಟದ್ದು ತಪ್ಪು. ಈಗ ಒಪ್ಪಿಕೊಳ್ತೀವಿ.

ಇನ್ನು ಮೋಸದ ಮಾತು. ಬೋಳಾದ ಟೈರಿಗೆ ಬಿಸಿ ಉಳಿಯಿಂದ ಹೊಸದಾಗಿ ಗೆರೆ ಕೊಯ್ದು, ಕಪ್ಪು ಪಾಲಿಶ್ ಬಳಿದು ಸೆಕೆಂಡ್ ಹ್ಯಾಂಡ್ ಅಂತ ಮಾರುವವರು ಇದ್ದಾರೆ. ನೋಡೋಕೆ ಗೆರೆ ಆಳವಾಗಿರುತ್ತೆ. ಆದರೆ ಆ ಆಳ ಬಂದದ್ದು ನೂಲನ್ನು ಕಾಯೋ ರಬ್ಬರನ್ನೇ ಕೊಯ್ದು. ಹೇಗೆ ಕಂಡುಹಿಡಿಯೋದು? ಮೊದಲು ಆ ಸಣ್ಣ ದಿಬ್ಬ ಹುಡುಕಿ. ಕೊಯ್ದ ಗೆರೆಯಲ್ಲಿ ದಿಬ್ಬ ಉಳಿದಿರಲ್ಲ. ಗೆರೆಯ ಅಂಚು ಒರಟಾಗಿ, ಒಂದು ಕಡೆ ಅಗಲ ಒಂದು ಕಡೆ ಸಣ್ಣ ಆಗಿರುತ್ತೆ. ಲಾರಿ ಟೈರಿಗೆ ಕಾರ್ಖಾನೆಯಲ್ಲಿ ರೀಟ್ರೆಡ್ ಮಾಡಿಸೋದು ಬೇರೆ ವಿಷಯ. ಅಲ್ಲಿ ಹಳೇ ಮೈ ಗಟ್ಟಿ ಇದೆಯಾ ಅಂತ ನೋಡಿ, ಮೇಲೆ ಹೊಸ ರಬ್ಬರು ಕೂರಿಸಿ ಬೇಯಿಸ್ತಾರೆ. ಅದೂ ತಿಳಿದವರು ಮುಂದಿನ ಚಕ್ರಕ್ಕೆ ಹಾಕೋದಿಲ್ಲ.

ಎಫ್.ಸಿ. ದಿನಕ್ಕೆ ಮಾತ್ರ ನೆಂಟರ ಗಾಡಿಯಿಂದ ಒಳ್ಳೇ ಟೈರು ಬಿಚ್ಚಿ ತಂದು ಹಾಕೋರೂ ಇದ್ದಾರೆ. ಸಂಜೆಗೆ ಮತ್ತೆ ಬೋಳು ಟೈರು. ಇನ್‌ಸ್ಪೆಕ್ಟರಿಗೆ ಕಣ್ಣು ಕಟ್ಟಬಹುದು, ಕೆರೆ ಏರಿಯ ತಿರುವಿಗೆ ಕಣ್ಣು ಕಟ್ಟೋಕಾಗಲ್ಲ.

ಬೈಕಿನವರು ಮಾಡೋ ಇನ್ನೊಂದು ತಪ್ಪು. ಹಿಂದಿನ ಟೈರು ಬೇಗ ಸವೆಯುತ್ತೆ, ಎಂಜಿನ್ನಿನ ಎಳೆತ, ಹೊರೆ ಎರಡೂ ಅದರ ಮೇಲೆ. ಅದನ್ನು ಬದಲಾಯಿಸ್ತಾರೆ. ಮುಂದಿನದನ್ನು "ಇದೇನೂ ಸವೆಯಲ್ಲ" ಅಂತ ವರ್ಷಗಟ್ಟಲೆ ಬಿಡ್ತಾರೆ. ಹಿಂದಿನ ಚಕ್ರ ಜಾರಿದರೆ ಒಂದೊಂದು ಸಲ ಸುಧಾರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ನೆಲವೇ ಗತಿ.

ದುಡ್ಡಿನ ಮಾತಿಗೆ ಬರೋಣ. ಅದೇ ಅಲ್ಲವಾ ನಿಜವಾದ ಕಷ್ಟ? ಟೈರು ಸವೆದದ್ದು ಆ ಹುಡುಗನಿಗೆ ಗೊತ್ತಿತ್ತು. ದುಡ್ಡು ಇರಲಿಲ್ಲ. ಟೈರು ಒಂದೇ ದಿನ ಸವೆಯಲ್ಲ. ದಿನಾ ಸ್ವಲ್ಪ ಸವೆಯುತ್ತೆ. ಹಾಗೇ ದಿನಾ ಸ್ವಲ್ಪ ಎತ್ತಿಡಬೇಕು. ಒಂದು ಟೈರಿಗೆ 2,000 ರೂಪಾಯಿ ಅಂದುಕೊಳ್ಳೋಣ. ದಿನಕ್ಕೆ 10 ರೂಪಾಯಿ ಎತ್ತಿಟ್ಟರೆ ಎಷ್ಟು ದಿನ ಬೇಕು? ಲೆಕ್ಕ ಹಾಕಿ. ಹೌದು, 200 ದಿನ. ಏಳು ತಿಂಗಳೂ ಪೂರ್ತಿ ಆಗಲ್ಲ. ಡೀಸೆಲ್ ಖರ್ಚು ಬರೆಯೋ ಪುಸ್ತಕದಲ್ಲೇ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು ಟೈರಿನ ದುಡ್ಡು ಅಂತ ಬರೆಯಿರಿ. ನಮ್ಮ ಸ್ವಸಹಾಯ ಸಂಘದ ಅಕ್ಕಂದಿರು ಮೊನ್ನೆ ಸಭೆಯಲ್ಲಿ ಒಂದು ಮಾತು ಎತ್ತಿದ್ದಾರೆ. ಹಸು ಕೊಳ್ಳೋಕೆ ಸಾಲ ಕೊಡ್ತೀವಿ, ದಿನಾ ನಾವೇ ಹತ್ತೋ ಗಾಡಿಯ ಟೈರಿಗೆ ಯಾಕೆ ಕೊಡಬಾರದು ಅಂತ. ಇನ್ನೂ ತೀರ್ಮಾನ ಆಗಿಲ್ಲ. ಇಬ್ಬರು ಬೇಡ ಅಂದಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ, ಸಾಲ ತೀರಿಸದಿದ್ದರೆ ಟೈರನ್ನು ಬಿಚ್ಚಿಕೊಂಡು ಬರೋಕಾಗುತ್ತಾ?

ಬಿಚ್ಚಿದ ಟೈರು ಏನು ಮಾಡೋದು? ಲಾರಿಯ ಹಳೇ ಟೈರು ನಮ್ಮ ಎತ್ತಿನ ಗಾಡಿಗೆ ಬಂದದ್ದು ಹಿರಿಯರಿಗೆ ಗೊತ್ತು. ಟೈರ್ ಗಾಡಿ. ಕೆಲವು ಕಡೆ ಡನ್ಲಪ್ ಗಾಡಿ ಅಂತಲೇ ಕರೀತಾರೆ. ಡನ್ಲಪ್ ಅಂದರೆ ಒಬ್ಬ ಮನುಷ್ಯನ ಹೆಸರು. ಜಾನ್ ಬಾಯ್ಡ್ ಡನ್ಲಪ್. ಐರ್ಲೆಂಡಿನ ಬೆಲ್‌ಫಾಸ್ಟ್ ಊರಲ್ಲಿ ದನದ ಡಾಕ್ಟರಾಗಿದ್ದರು. ಮಗನ ಮೂರು ಚಕ್ರದ ಸೈಕಲ್ಲು ಕುಲುಕದೆ ಓಡಲಿ ಅಂತ ಗಾಳಿ ತುಂಬಿದ ರಬ್ಬರಿನ ಚಕ್ರ ಮಾಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಎತ್ತು ನಡೆಯೋ ವೇಗಕ್ಕೆ ಬೋಳು ಟೈರು ಸಾಕು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋ ದೂರ ನಾಲ್ಕರಷ್ಟು ಆಗುತ್ತೆ. ಅದಕ್ಕೇ ಲಾರಿಯಲ್ಲಿ ಸಲ್ಲದ ಟೈರು ಎತ್ತಿನ ಗಾಡಿಯಲ್ಲಿ ಸಲ್ಲುತ್ತೆ.

ಬಾವಿ ಬಕೆಟ್ಟು, ಟೈರ್ ಚಪ್ಪಲಿ, ಮಕ್ಕಳ ಉಯ್ಯಾಲೆ, ಏನಾದರೂ ಮಾಡಿಕೊಳ್ಳಿ. ಉಯ್ಯಾಲೆ ಆದರೆ ಅಡಿಗೆ ತೂತು ಕೊರೆಯಿರಿ. ಸುಮ್ಮನೆ ಮನೆ ಹಿಂದೆ ಎಸೆಯಬೇಡಿ. ಒಳಗೆ ಮಳೆನೀರು ನಿಲ್ಲುತ್ತೆ. ಡೆಂಗಿ ಜ್ವರ ತರೋ ಸೊಳ್ಳೆಗೆ ಅಂಥ ನೀರೇ ಇಷ್ಟ. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಿ ಹಾರುತ್ತೆ. ನೀರು ಚೆಲ್ಲಿದರೂ ಒಳಮೈಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ. ಚೆನ್ನಾಗಿ ಉಜ್ಜಿ, ಸೂರಿನಡಿ ಇಡಬೇಕು. ಸುಡೋದಂತೂ ಬೇಡವೇ ಬೇಡ. ಆ ಕರೀ ಹೊಗೆ ವಿಷ. ಅಡ್ಡೆಯವರಿಗೆ ಕೊಟ್ಟರೆ ನಾಲ್ಕು ಕಾಸಾದರೂ ಬರುತ್ತೆ.

ಗಾಡಿ ಇಲ್ಲದವರು ಇಷ್ಟು ಹೊತ್ತು ಸುಮ್ಮನೆ ಕೇಳಿದಿರಿ. ನಿಮಗೇ ಇದು ಹೆಚ್ಚು ಬೇಕು. ಆಟೋ, ಟೆಂಪೋ, ಸ್ಕೂಲ್ ವ್ಯಾನು, ಯಾವುದಕ್ಕೇ ಹತ್ತುವಾಗಲೂ ಹಿಂದಿನ ಚಕ್ರಕ್ಕೆ ಒಂದು ಸಲ ಕಣ್ಣು ಹಾಯಿಸಿ. ನುಣ್ಣಗಿದ್ದರೆ ಕೇಳಿ. ಜಗಳ ಮಾಡಬೇಕಾಗಿಲ್ಲ. "ಏನಪ್ಪಾ, ಟೈರು ಯಾವಾಗ ಹಾಕಿಸ್ತೀಯಾ?" ಅಂದರೆ ಸಾಕು. ಒಬ್ಬರು ಕೇಳಿದರೆ ನಕ್ಕುಬಿಡ್ತಾನೆ. ಹನ್ನೊಂದು ಜನ ಕೇಳಿದರೆ ಯೋಚನೆ ಮಾಡ್ತಾನೆ. ಮಕ್ಕಳ ವ್ಯಾನಿನದು ನೋಡೋಕೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ತಿಂಗಳಿಗೊಮ್ಮೆ ಗೇಟಿನವರೆಗೆ ಹೋಗಿ ಬನ್ನಿ.

ಸಾಕು ಮಾತು. ಬೆಳಕು ಇರುವಾಗಲೇ ಹೊರಗೆ ಹೋಗೋಣ. ಅಂಗಳದಲ್ಲಿ ಮೂರು ಬೈಕು, ಒಂದು ಆಟೋ ನಿಂತಿವೆ. ಆಲದ ಮರದ ಕೆಳಗೆ ಆ ಟೆಂಪೋನೂ ಇದೆ. ಹುಡುಗ ಬಂದಿದ್ದಾನೆ, ಬಾಗಿಲ ಹತ್ತಿರ ನಿಂತಿದ್ದಾನೆ. ಮೊದಲು ನನ್ನ ಗಾಡಿಯಿಂದಲೇ ಶುರು ಮಾಡಿ ಅಂತ ಅವನೇ ಹೇಳಿದ್ದಾನೆ. ಬೆಂಕಿಪೊಟ್ಟಣ ಯಾರ ಹತ್ತಿರ ಇದೆ? ಕಡ್ಡಿ ಇಳಿಸೋಕೆ ಯಾರಾದರೂ ಇಬ್ಬರು ಬನ್ನಿ. ಸ್ಕೇಲು ಮೂರನೇ ಸಾಲಿನ ಅಕ್ಕನ ಕೈಗೆ ಕೊಡಿ, ಅಳತೆ ಓದಿ ಬರೆಯೋದು ಅವರೇ.